ತಾಯಿ ಮಲಗಿದ್ದಾಗ ಕಂಡ ಚಳಿಗಾಲ

ರಾತ್ರಿಯ ಊಟವಾದ ಮೇಲೆ ಮಕ್ಕಳಿಗೆ ಕಥೆ ಓದಿ ಹೇಳುವ ಪದ್ಧತಿಯುಳ್ಳ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಅವರಲ್ಲಿ ಒಬ್ಬ ಗೃಹಿಣಿ ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಅವರು ತಮ್ಮ ಏಳು ವರ್ಷದ ಮಗನಿಗೆ ಉತ್ತರ ದೇಶದ ಒಂದು ಚಳಿಗಾಲದ ಕಥೆಯನ್ನು ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರಂತೆ. ಬಹಳ ಸೌಮ್ಯವಾದ ಕಥೆಯೆಂದು ಕೇಳಿ ತರಿಸಿದ ಪುಸ್ತಕ. ಮೂರನೆಯ ರಾತ್ರಿ ಅದರಲ್ಲಿ ಒಂದು ಅಳಿಲು ಚಳಿಯಿಂದ ಸತ್ತಿತು. ಏನು ಹೇಳಬೇಕೆಂದು ತೋಚದೆ, ಅಳಿಲು ನಿದ್ದೆಹೋಯಿತೆಂದು ಹೇಳಿ ಪುಟವನ್ನು ಮಗುಚಿಬಿಟ್ಟರಂತೆ. ‘ನಾನು ಮಾಡಿದ್ದು ಸರಿಯೆ? ಸೌಮ್ಯವಾದ ಕಥೆಯಲ್ಲಿ ಸಾವು ಏಕೆ ಬರಬೇಕು?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಒಂದು ಮನೆಯದಾದರೂ ವಿಷಯ ಎಲ್ಲ ಮನೆಗಳಿಗೂ ಸೇರಿದ್ದು. ಆದಕಾರಣ ಈ ತಿಂಗಳು ಆ ಪುಸ್ತಕವನ್ನೇ ಎತ್ತಿಕೊಂಡು, ಅದರಲ್ಲಿ ಮಕ್ಕಳ ಮನಸ್ಸನ್ನು ಸೆಳೆಯತಕ್ಕ ಗುಣ ಯಾವುದು, ಅದರ ಸೌಮ್ಯತೆ ಎಲ್ಲಿದೆ, ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಪುಸ್ತಕವನ್ನು ಬರೆದಾಕೆ ತೂವೆ ಯಾನ್ಸನ್ ಎಂಬ ಲೇಖಕಿ. ಈಕೆ 1914ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ಹುಟ್ಟಿ 2001ರಲ್ಲಿ ತೀರಿಕೊಂಡಳು. ತಂದೆ ಶಿಲ್ಪಿ, ತಾಯಿ ಚಿತ್ರಗಾರ್ತಿ, ಆ ದೇಶದ ಅಂಚೆಚೀಟಿಗಳಿಗೆ ಚಿತ್ರ ಬರೆದುಕೊಟ್ಟವಳು. ಮನೆಮಾತು ಸ್ವೀಡಿಷ್. ಫಿನ್ಲೆಂಡಿನಲ್ಲಿ ಆ ಭಾಷೆಯನ್ನಾಡುವವರು ಅಲ್ಪಸಂಖ್ಯಾತರು. ಈಕೆ ಬರೆದುದೆಲ್ಲ ಆ ಭಾಷೆಯಲ್ಲಿಯೇ. ಮೂಮಿನ್ ಎಂಬ ಕಲ್ಪಿತ ಪ್ರಾಣಿಗಳ ಕುಟುಂಬವೊಂದನ್ನು ಕುರಿತು ಈಕೆ ಬರೆದ ಮೊದಲ ಪುಸ್ತಕ 1945ರಲ್ಲಿ ಪ್ರಕಟವಾಯಿತು. ನಾವು ಹೇಳಹೊರಟಿರುವುದು 1957ರಲ್ಲಿ ಹೊರಬಂದದ್ದು. ಸ್ವೀಡಿಷಿನಲ್ಲಿ ಅದರ ಹೆಸರು ‘ಟ್ರೋಲ್‌ವಿಂಟರ್’. ಮರು ವರ್ಷವೇ ಥಾಮಸ್ ವಾರ್ಬರ್ಟನ್ ಎಂಬವರು ಮಾಡಿದ ಇಂಗ್ಲಿಷ್ ಅನುವಾದ ‘ಮೂಮಿನ್‌ಲ್ಯಾಂಡ್ ಮಿಡ್‌ವಿಂಟರ್’ ಎಂಬ ಹೆಸರಿನಿಂದ ಬಂದಿತು. ಚಿತ್ರಗಳೂ ಲೇಖಕಿಯವೇ. 1966ರಲ್ಲಿ ಆಕೆಗೆ ಬಾಲಸಾಹಿತ್ಯಕ್ಕಾಗಿ ಕೊಡತಕ್ಕ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ದೊರೆಯಿತು.

ಈ ಮೂಮಿನ್‌ಗಳು ನೋಡುವುದಕ್ಕೆ ಬೆಳ್ಳಗೆ, ದುಂಡಗೆ, ನೀರಾನೆಯ ಮೋರೆಯನ್ನು ಹೋಲುವ ಮೋರೆಯುಳ್ಳವರಾಗಿ, ನಡತೆಯಲ್ಲಿ ಸಾಕ್ಷಾತ್ ಸದ್ಗೃಹಸ್ಥರಾಗಿದ್ದಾರೆ. ಉತ್ತರ ದೇಶದ ಜನಪದ ಕಥೆಗಳಲ್ಲಿ ಟ್ರೋಲ್ ಎಂಬ ಒಂದು ಜಾತಿಯುಂಟು. ನಮ್ಮ ಯಕ್ಷರಂತೆ ಕಾಡು ಬೆಟ್ಟಗಳಲ್ಲಿ ವಾಸಿಸತಕ್ಕವು, ಬಹುಮಟ್ಟಿಗೆ ಭಯಂಕರವಾದವು. ಲೇಖಕಿ ಆ ಹೆಸರನ್ನು ಇಟ್ಟುಕೊಂಡು ಭಯಂಕರತೆಯನ್ನು ತೆಗೆದುಬಿಟ್ಟಿದ್ದಾಳೆ. ಮನೆಯ ಬಾಲಕನ ಹೆಸರು ಮೂಮಿನ್‌ಟ್ರೋಲ್. ಸೌಕರ್ಯಕ್ಕಾಗಿ ನಾವು ಅವನನ್ನು ಮೂಮಿನ ಎಂದು ಕರೆಯೋಣ.

ಕಥೆಗೆ ಹೋಗುವ ಮುನ್ನ ಆ ಸೀಮೆಯ ಚಳಿಗಾಲವನ್ನು ಸ್ವಲ್ಪ ತಿಳಿದಿರಬೇಕು. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗೆ ಕಡಮೆಯಾಗುವುದಿಲ್ಲ. ಹೆಲ್ಸಿಂಕಿಯಲ್ಲಿ ಡಿಸೆಂಬರಿನ ನಡುವೆ ಹಗಲು ಆರು ಗಂಟೆಯೂ ಇರದು. ಆ ದೇಶದ ಉತ್ತರದ ತುದಿಯಲ್ಲಾದರೋ ಸುಮಾರು ಏಳು ವಾರಗಳ ಕಾಲ ಸೂರ್ಯೋದಯವೇ ಇಲ್ಲ. ಹೊಲ, ತೋಟ, ಹಾದಿ, ಬೇಲಿಗಳೆಲ್ಲ ಹಿಮದ ಕೆಳಗೆ ಹುಗಿದುಹೋಗಿ, ಸಮುದ್ರದ ಮೇಲ್ಭಾಗ ಹೆಪ್ಪುಗಟ್ಟಿ, ಊರಿನ ಗುರುತೇ ಸಿಗದಂತಾಗುತ್ತದೆ. ಮೂಮಿನ್ ಕುಟುಂಬದವರು ಈ ಕಷ್ಟಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಹಿರಿಯರ ಕಾಲದಿಂದ ಬಂದ ಸಂಪ್ರದಾಯದ ಮೇರೆಗೆ ಅವರು ನವಂಬರಿನಲ್ಲಿ ಹೊಟ್ಟೆತುಂಬ ಪೈನ್ ಮರದ ಸೂಜಿಯೆಲೆಗಳನ್ನು ತಿಂದು ಮಲಗಿದರೆ ಏಳುವುದು ಏಪ್ರಿಲಿನಲ್ಲಿಯೇ. ಹೀಗಾಗಿ ಅವರ ವಂಶದಲ್ಲಿ ಯಾರೊಬ್ಬರೂ ಚಳಿಗಾಲವೆಂಬುದನ್ನು ಕಣ್ಣಿನಿಂದ ಕಂಡವರಲ್ಲ.

ಹೊಸ ವರ್ಷ ಹುಟ್ಟಿದ ಸ್ವಲ್ಪ ದಿವಸಕ್ಕೆ, ಒಂದು ರಾತ್ರಿ, ಕಿಟಕಿಯಿಂದ ಬಂದ ಬೆಳುದಿಂಗಳಿನ ಕಿರಣವೊಂದು ಮೂಮಿನನ ಮುಖದ ಮೇಲೆ ಬೀಳುತ್ತದೆ. ಅವನಿಗೆ ಎಚ್ಚರವಾಗುತ್ತದೆ; ಮತ್ತೆ ನಿದ್ರೆ ಬರುವುದಿಲ್ಲ. ಗಡಿಯಾರ ನಿಂತುಹೋಗಿದೆ, ಮನೆಯೆಲ್ಲ ನಿಶ್ಶಬ್ದ. ತಾಯಿಯನ್ನು ಎಬ್ಬಿಸಲು ನೋಡುತ್ತಾನೆ, ಅವಳು ಏಳುವುದಿಲ್ಲ. ಬೇರೆ ದಾರಿ ಕಾಣದೆ ಅವಳ ಮಂಚದ ಬಳಿಯ ಹಾಸಿನ ಮೇಲೆ ಮುದುರಿಕೊಳ್ಳುತ್ತಾನೆ.

ಇಷ್ಟೇ ಕಥಾರಂಭ. ರಾಕ್ಷಸನಿಲ್ಲ, ಶಾಪವಿಲ್ಲ, ಮಲತಾಯಿಯಿಲ್ಲ. ಆದರೂ ಇದನ್ನು ಕೇಳುವ ಮಗು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತದೆ. ಏಕೆಂದರೆ ನಡುರಾತ್ರಿಯಲ್ಲಿ ತಾನೊಬ್ಬನೇ ಎಚ್ಚತ್ತು, ಮನೆಯವರೆಲ್ಲ ಮಲಗಿರುವುದನ್ನು ಕಂಡು, ಅಮ್ಮನ ಸೆರಗನ್ನೆಳೆದರೂ ಅವಳಿಗೆ ಎಚ್ಚರವಾಗದ ಗಳಿಗೆಯನ್ನು ಅನುಭವಿಸದ ಮಗು ಯಾವುದು? ಹಿಮವನ್ನು ಎಂದೂ ಕಾಣದ ಮಗುವಿಗೂ ಈ ಗಳಿಗೆ ಗೊತ್ತು. ದೂರದೇಶದ ಕಥೆಯೊಂದು ಒಂದೇ ಪುಟದೊಳಗೆ ನಮ್ಮ ನಡುಮನೆಗೆ ಬಂದುಬಿಡುವುದು ಈ ಕಾರಣದಿಂದ.

ಮೂಮಿನನು ಹೊರಕ್ಕೆ ಹೋಗುತ್ತಾನೆ. ತನ್ನ ಪ್ರಿಯಮಿತ್ರನಾದ ಸ್ನಫ್ಕಿನ್ ಎಂಬ ಸಂಚಾರಿ ದಕ್ಷಿಣದಲ್ಲಿದ್ದಾನೆ. ವಸಂತದ ಮೊದಲ ದಿನ ಬರುತ್ತೇನೆಂದು ಕಾಗದ ಬರೆದಿಟ್ಟು ಹೋಗಿದ್ದಾನೆ. ಅವನನ್ನು ಹುಡುಕಿಕೊಂಡು ಹೊರಟ ಮೂಮಿನನಿಗೆ ಹಿಮದಲ್ಲಿ ಒಂದು ಬೆಳಕು ಕಾಣುತ್ತದೆ. ಹಿಮದ ಉಂಡೆಗಳನ್ನು ಗೋಪುರದಂತೆ ಪೇರಿಸಿ, ಒಳಗೆ ಮೇಣದ ಬತ್ತಿ ಹಚ್ಚಿಟ್ಟ ದೀಪ. ಇದು ಲೇಖಕಿಯ ಕಲ್ಪನೆಯಲ್ಲ. ಫಿನ್ಲೆಂಡಿನ ಮಕ್ಕಳು ಈಗಲೂ ಚಳಿಗಾಲದ ಸಂಜೆ ಮನೆಯ ಮುಂದೆ ಇಂತಹ ದೀಪವನ್ನು ಕಟ್ಟುತ್ತಾರೆ; ಉಂಡೆಗಳ ನಡುವಣ ಸಂದಿಗಳಿಂದ ಬೆಳಕು ಸುತ್ತಲಿನ ಹಿಮದ ಮೇಲೆ ಹರಡುವುದು ಬಹಳ ಚೆಲುವಂತೆ. ಆ ದೀಪದ ಬಳಿ ಹಿಮದ ಕುಳಿಯಲ್ಲಿ ನಿಶ್ಚಿಂತಳಾಗಿ ಇರುವವಳು ಟೂಟಿಕ್ಕಿ.

ಈ ಟೂಟಿಕ್ಕಿಯೇ ಪುಸ್ತಕದ ಜೀವಾಳವೆಂದು ನಮ್ಮ ಅಭಿಪ್ರಾಯ. ಮೂಮಿನನ ತಂದೆ ಬೇಸಗೆಯ ಈಜಿಗೆಂದು ಕಡಲ ದಡದಲ್ಲಿ ಕಟ್ಟಿಸಿದ ಪುಟ್ಟ ಮನೆಯಲ್ಲಿ ಈಕೆ ಚಳಿಗಾಲವೆಲ್ಲ ವಾಸಮಾಡುತ್ತಾಳೆ. ಅವಳೊಡನೆ ಎಂಟು ಸೊಂಡಿಲಿಗಳಿವೆ. ಅವು ನಾಚಿಕೆಯಿಂದ ನಾಚಿ ನಾಚಿ ಕಣ್ಣಿಗೆ ಕಾಣದಂತಾಗಿಬಿಟ್ಟಿವೆ. ಸಮುದ್ರದ ನೀರು ಇಳಿದಾಗ ಮೇಲಿನ ಮಂಜುಗಡ್ಡೆಯ ಚಾವಣಿಗೂ ಕೆಳಗಿನ ನೀರಿಗೂ ನಡುವೆ ಉಳಿಯುವ ಜಾಗದಲ್ಲಿ ಈಕೆ ಇಳಿದು ಕುಳಿತು ಮೀನು ಹಿಡಿಯುತ್ತಾಳೆ. ಲೇಖಕಿಯ ಜೀವನದ ಸಂಗಾತಿಯಾಗಿದ್ದ ಟೂಲಿಕ್ಕಿ ಪಿಯೆತಿಲಾ ಎಂಬ ಚಿತ್ರಗಾರ್ತಿಯೇ ಈ ಪಾತ್ರಕ್ಕೆ ಮಾದರಿ. 1954ರಿಂದ ಲಂಡನ್ನಿನ ‘ಈವನಿಂಗ್ ನ್ಯೂಸ್’ ಪತ್ರಿಕೆಗೆ ದಿನವೂ ಮೂಮಿನ್ ಚಿತ್ರಕಥೆ ಒದಗಿಸುತ್ತ ಲೇಖಕಿ ಬಳಲಿದ್ದ ಕಾಲದಲ್ಲಿ ಆ ಸ್ನೇಹ ಬೆಳೆಯಿತು. ಆ ಬಳಲಿಕೆಯ ನಡುವೆಯೇ ಈ ಪುಸ್ತಕ ಹುಟ್ಟಿತು.

ಟೂಟಿಕ್ಕಿ ಹುಡುಗನಿಗೆ ಏನು ಮಾಡುತ್ತಾಳೆ? ಮೇಲ್ನೋಟಕ್ಕೆ ಏನೂ ಇಲ್ಲ. ಅಳಬೇಡವೆನ್ನುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಬಿಡುವುದಿಲ್ಲ, ಅವನ ತಾಯಿಯ ಸ್ಥಾನವನ್ನು ತಾನು ತೆಗೆದುಕೊಳ್ಳುವುದೂ ಇಲ್ಲ. ಕೇಳಿದ ಪ್ರಶ್ನೆಗೆ ತನಗೆ ತಿಳಿದಷ್ಟನ್ನು ಹೇಳುತ್ತಾಳೆ. ಉತ್ತರ ದಿಕ್ಕಿನ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕನ್ನು ನೋಡುತ್ತ, ಅದು ನಿಜವಾಗಿ ಇದೆಯೋ ಬರಿದೆ ಇರುವಂತೆ ತೋರುತ್ತದೆಯೋ ತಿಳಿಯದೆಂದೂ, ಹಾಗೆ ನಿಶ್ಚಯವಿಲ್ಲದಿರುವುದೇ ತನಗೆ ಸಮಾಧಾನವೆಂದೂ ಹೇಳುವ ಸ್ವಭಾವದವಳು. ಆದರೆ ಅವಳ ದೀಪ ಅಲ್ಲಿದೆ, ಅವಳ ಒಲೆ ಉರಿಯುತ್ತಿದೆ, ಬೇಕಾದಾಗ ಹೋಗಿ ಕೂಡಬಹುದು. ನಮ್ಮಲ್ಲಿ ಹಲವರು ಹಿರಿಯರಿಗೆ ಮಕ್ಕಳ ದುಃಖವನ್ನು ಕಂಡೊಡನೆ ಮಾತಿನಿಂದ ಅದನ್ನು ಮುಚ್ಚಿಬಿಡುವ ಆತುರವುಂಟು. ಮಾತಿಲ್ಲದೆ ಹತ್ತಿರ ಕೂಡುವುದು ಅದಕ್ಕಿಂತ ಕಷ್ಟದ ವಿದ್ಯೆ.

ಈಗ ಅಳಿಲಿನ ವಿಷಯ. ಇದು ಬಹಳ ಮರೆವಿನ ಅಳಿಲು. ಆದರೆ ಅದರ ಬಾಲ ಮಾತ್ರ ಅತಿ ಸುಂದರವಾದದ್ದು. ಒಂದು ದಿನ ಮಹಾಶೀತವು ಸಮುದ್ರದ ಮೇಲೆ ನಡೆದುಬರುತ್ತದೆಂದು ಟೂಟಿಕ್ಕಿ ಎಲ್ಲರಿಗೂ ಎಚ್ಚರಿಕೆ ಹೇಳಿ, ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುವಂತೆ ತಿಳಿಸುತ್ತಾಳೆ. ಅಳಿಲಿಗೆ ಮರೆತುಹೋಗುತ್ತದೆ. ಮಹಾಶೀತವು ಒಬ್ಬ ಸುಂದರಿಯ ರೂಪದಲ್ಲಿ ಬರುತ್ತದೆ. ಅವಳಿಗೆ ಕೋಪವಿಲ್ಲ, ದ್ವೇಷವಿಲ್ಲ. ದಾರಿಯಲ್ಲಿ ಸಿಕ್ಕ ಅಳಿಲಿನ ಕಿವಿಯ ಹಿಂದೆ ಸ್ವಲ್ಪ ಕಚಗುಳಿಯಿಟ್ಟು ಮುಂದೆ ಹೋಗುತ್ತಾಳೆ. ಅದು ಅವಳ ನೀಲಿಯ ಕಣ್ಣುಗಳನ್ನೇ ನೋಡುತ್ತ ನಿಂತಲ್ಲಿಯೇ ಮರಗಟ್ಟುತ್ತದೆ. ಒಳಗೆ ತಂದು ಬೆಚ್ಚಗೆ ಮಾಡಲು ನೋಡಿದರೂ ಫಲವಿಲ್ಲ.

ಈ ಪುಟದಲ್ಲಿ ನಾವು ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಟೂಟಿಕ್ಕಿ ಸತ್ತದ್ದನ್ನು ಸತ್ತಿತೆಂದೇ ಹೇಳಿ, ಅಳಿಲು ಕಾಲಕ್ರಮದಲ್ಲಿ ಮಣ್ಣಾಗುವುದೆಂದೂ ಆ ಮಣ್ಣಿನಲ್ಲಿ ಮರಗಳು ಬೆಳೆದು ಅವುಗಳ ಮೇಲೆ ಬೇರೆ ಅಳಿಲುಗಳು ಹಾರಾಡುವುವೆಂದೂ ತಿಳಿಸುತ್ತಾಳೆ. ನಮ್ಮ ಅಮರಕೋಶದಲ್ಲಿ ಮರಣಕ್ಕೆ ಹತ್ತು ಹೆಸರುಗಳನ್ನು ಕೊಟ್ಟಿದೆ. ಅವುಗಳಲ್ಲಿ ಮೊದಲನೆಯದು ಪಂಚತಾ, ಎಂದರೆ ಪಂಚಭೂತಗಳಲ್ಲಿ ಸೇರಿಹೋಗುವುದು, ಎರಡನೆಯದು ಕಾಲಧರ್ಮ. ಟೂಟಿಕ್ಕಿಯ ಮಾತು ಈ ಎರಡು ಹೆಸರುಗಳ ವ್ಯಾಖ್ಯಾನದಂತಿದೆ. ಆ ಹತ್ತು ಹೆಸರುಗಳಲ್ಲಿ ನಿದ್ರೆ ಎಂಬುದು ಸೇರಿಲ್ಲವೆಂಬುದನ್ನೂ ನೋಡಿರಿ. ದೀರ್ಘನಿದ್ರೆಯೆಂದು ಕವಿಗಳು ಹೇಳುವುದುಂಟು. ಅದು ದೊಡ್ಡವರಿಗೆ ಹೇಳುವ ಮಾತು.

ಎರಡನೆಯದು, ಮೂಮಿನನಿಗೆ ಟೂಟಿಕ್ಕಿಯ ಮಾತಿನಿಂದ ಪೂರ್ತಿ ಸಮಾಧಾನವಾಗುವುದಿಲ್ಲ. ಅವನಿಗೆ ಅಳಿಲಿಗೆ ಕ್ರಮವಾಗಿ ಉತ್ತರಕ್ರಿಯೆ ಮಾಡಬೇಕೆಂದು ಆಸೆ. ಮನೆಗೆ ಹೋಗಿ, ಮಲಗಿರುವ ತಾಯಿಯನ್ನು, ಶೋಕಕ್ಕೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿಗಳು ಎಲ್ಲಿವೆಯೆಂದು ಮೆಲ್ಲಗೆ ಕೇಳುತ್ತಾನೆ. ಐದು ತಿಂಗಳ ನಿದ್ರೆಯಲ್ಲಿರುವ ಆ ತಾಯಿ, ಕಣ್ಣು ತೆರೆಯದೆ, ಅವು ಬೀರುವಿನಲ್ಲಿ ಇಂತಹ ಕಡೆ ಇವೆಯೆಂದು ಹೇಳಿ ಮತ್ತೆ ನಿದ್ರೆಯಲ್ಲಿ ಮುಳುಗುತ್ತಾಳೆ. ಇಡೀ ಬಾಲಸಾಹಿತ್ಯದಲ್ಲಿ ಇಷ್ಟು ಮೃದುವಾದ ಸ್ಥಳಗಳನ್ನು ನಾವು ಹೆಚ್ಚಾಗಿ ಓದಿಲ್ಲ.

ಮೂರನೆಯದು, ಅಳಿಲು ಸತ್ತ ಸ್ಥಳದಲ್ಲಿ ಲೇಖಕಿ ಒಂದು ಪುಟ್ಟ ಟಿಪ್ಪಣಿಯನ್ನು ಹಾಕಿದ್ದಾಳೆ. ಓದುವವರಿಗೆ ಅಳು ಬರುವ ಹಾಗಿದ್ದರೆ ಮುಂದಿನ ಇಂತಹ ಪುಟವನ್ನು ಒಮ್ಮೆ ತೆಗೆದು ನೋಡಿಬರಬಹುದೆಂದು ಅದರ ತಾತ್ಪರ್ಯ. ಆ ಪುಟಕ್ಕೆ ಹೋದರೆ ಅಲ್ಲಿ ವಸಂತಕಾಲ. ಚೆಲುವಾದ ಬಾಲದ ಅಳಿಲೊಂದು ಮೂಮಿನನಿಗೆ ಎದುರಾಗುತ್ತದೆ. ನೀನು ಆ ಅಳಿಲೇ ಏನು ಎಂದು ಕೇಳಿದರೆ ಅದಕ್ಕೆ ಸರಿಯಾಗಿ ಜ್ಞಾಪಕವಿಲ್ಲ. ಅದೇ ಇರಬಹುದು, ಬೇರೆ ಇರಬಹುದು. ಲೇಖಕಿ ನಿರ್ಧರಿಸಿ ಹೇಳದೆ ಬಿಟ್ಟಿದ್ದಾಳೆ. ಸಾವನ್ನು ಅಳಿಸಿಲ್ಲ, ಆಶೆಗೂ ಬಾಗಿಲು ಹಾಕಿಲ್ಲ. ನಮ್ಮ ವಾಚಕಿ ಕೇಳಿದ ಸೌಮ್ಯತೆ ಇರುವುದು ಇಲ್ಲಿಯೇ: ನಡೆದದ್ದನ್ನು ಮರೆಮಾಚದೆ, ಓದುವ ಮಗುವಿನ ಕಣ್ಣೀರನ್ನು ಮೊದಲೇ ನೆನೆದು, ಅದಕ್ಕೊಂದು ಆಸರೆಯನ್ನು ಇಟ್ಟಿರುವಲ್ಲಿ.

ಹಾಗಾದರೆ ಅಳಿಲು ನಿದ್ದೆಹೋಯಿತೆಂದು ಹೇಳಿದರೆ ಏನು ತಪ್ಪು? ಬೇರೆ ಯಾವ ಕಥೆಯಲ್ಲಿ ಹೇಳಿದ್ದರೂ ಅಷ್ಟು ಬಾಧಕವಿರಲಿಲ್ಲ. ಈ ಕಥೆಯಲ್ಲಿ ಮಾತ್ರ ಹಾಗೆ ಹೇಳಕೂಡದು. ಏತಕ್ಕೆಂದರೆ ಈ ಕಥೆಯಲ್ಲಿ ತಾಯಿ ಮಲಗಿದ್ದಾಳೆ. ಕೇಳುವ ಮಗುವಿನ ಮನಸ್ಸೆಲ್ಲ, ಅಮ್ಮ ಏಳುವಳೋ ಇಲ್ಲವೋ ಎಂಬಲ್ಲಿ ನೆಟ್ಟಿದೆ. ಮಲಗಿದವಳು ಏಳುತ್ತಾಳೆ, ಸತ್ತದ್ದು ಏಳುವುದಿಲ್ಲ, ಈ ಎರಡೂ ಬೇರೆ ಬೇರೆ ಎಂಬುದನ್ನು ಮಗುವಿಗೆ ಖಚಿತಪಡಿಸುವುದಕ್ಕಾಗಿಯೇ ಲೇಖಕಿ, ಅಳಿಲು ಸತ್ತ ಮೇಲೆ ತಾಯಿಯನ್ನು ನಿದ್ರೆಯಲ್ಲಿ ಮಾತನಾಡಿಸಿದ್ದಾಳೆಂದು ತೋರುತ್ತದೆ. ನಾವು ಎರಡನ್ನೂ ನಿದ್ರೆಯೆಂದು ಕರೆದರೆ, ಏಳದ ಅಳಿಲಿನ ಪಕ್ಕದಲ್ಲಿ ಏಳದ ತಾಯಿಯನ್ನು ಮಲಗಿಸಿದಂತಾಯಿತು. ಅಲ್ಲದೆ ಕಥೆ ಮುಗಿದ ಮೇಲೆ ದೀಪವಾರಿಸಿ ಆ ಮಗುವೂ ಮಲಗಬೇಕಷ್ಟೆ. ಕನಿಕರದಿಂದ ಹೇಳಿದ ಸುಳ್ಳು ಅವನ ಹಾಸಿಗೆಯೊಳಕ್ಕೇ ಹೋಗಿ ಕುಳಿತುಕೊಳ್ಳಬಹುದು.

ಸಾವು ಮಕ್ಕಳ ಕಥೆಗೆ ಹೊರಗಿನದೆಂಬ ಭಾವನೆ ನಮ್ಮಲ್ಲಿ ಈಚಿನದು. ಗೋವಿನ ಹಾಡನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಹಿಂದೆ ವಿರಳ. ಅದರಲ್ಲಿಯೂ ತಾಯಿ ಕರುವನ್ನು ಬಿಟ್ಟು ಸಾಯಲು ಹೊರಡುತ್ತಾಳೆ. ಕಡೆಗೆ ಹುಲಿ ಪ್ರಾಣ ಬಿಡುತ್ತದೆ. ನಮ್ಮ ಅಜ್ಜಿಯರು ಅದನ್ನು ಹಾಡುವಾಗ ಯಾವ ನುಡಿಯನ್ನೂ ಹಾರಿಸುತ್ತಿರಲಿಲ್ಲ. ಮಕ್ಕಳು ಅತ್ತರು, ಮಾರನೆಯ ರಾತ್ರಿ ಅದನ್ನೇ ಮತ್ತೆ ಹೇಳೆಂದರು. ಅಜ್ಜಿಯ ತೊಡೆಯ ಮೇಲೆ ಕುಳಿತು ಅಳುವುದಕ್ಕೂ ಒಬ್ಬನೇ ಕುಳಿತು ಅಳುವುದಕ್ಕೂ ಇರುವ ಭೇದವನ್ನು ಅವರು ಬಲ್ಲವರಾಗಿದ್ದರು.

ಈ ಪುಸ್ತಕವು ದುಃಖಮಯವೆಂದು ಮಾತ್ರ ಯಾರೂ ತಿಳಿಯಬಾರದು. ಹೆಚ್ಚು ಭಾಗ ನಗೆಯೇ. ಲಿಟ್ಲ್ ಮೈ ಎಂಬ ಬೆರಳುದ್ದದ ಹುಡುಗಿಯೊಬ್ಬಳು ಎಚ್ಚತ್ತು, ಮೂಮಿನನ ತಾಯಿಯ ಬೆಳ್ಳಿಯ ತಟ್ಟೆಯ ಮೇಲೆ ಕುಳಿತು ಹಿಮದ ಇಳಿಜಾರಿನಲ್ಲಿ ಜಾರುತ್ತಾಳೆ. ಅವಳಿಗೆ ಭಯವೂ ಇಲ್ಲ, ಶೋಕವೂ ಇಲ್ಲ. ಅಳಿಲಿನ ಬಾಲವು ಕೈ ಬೆಚ್ಚಗಿಡುವ ಗವಸಿಗೆ ಚೆನ್ನಾಗಿತ್ತೆಂಬುದೇ ಅವಳ ಚಿಂತೆ. ಇಂತಹ ಮಗು ಪ್ರತಿಯೊಂದು ಮನೆಯಲ್ಲಿಯೂ ಒಂದಿರುತ್ತದೆ. ಸೂರ್ಯನು ಮರಳುವ ಹಿಂದಿನ ರಾತ್ರಿ ದೊಡ್ಡ ಬೆಂಕಿ ಹಾಕಿ ಎಲ್ಲರೂ ಕುಣಿಯುವಾಗ, ಗ್ರೋಕ್ ಎಂಬ ತಣ್ಣನೆಯ ದೊಡ್ಡ ಪ್ರಾಣಿಯೊಂದು ಬಂದು ಬೆಂಕಿಯ ಮೇಲೆಯೇ ಕುಳಿತುಬಿಡುತ್ತದೆ, ಬೆಂಕಿ ಆರಿಹೋಗುತ್ತದೆ. ಅದು ಬೆಂಕಿಯನ್ನು ಕೆಡಿಸಲು ಬಂದದ್ದಲ್ಲ, ಮೈ ಕಾಯಿಸಿಕೊಳ್ಳಲು ಬಂದದ್ದು. ಎಲ್ಲರೂ ಹೆದರುವ ಪ್ರಾಣಿಗೆ ಇರುವ ಸಂಕಟವೇನೆಂಬುದನ್ನು ಒಂದು ವಾಕ್ಯದ ಉಪದೇಶವೂ ಇಲ್ಲದೆ ಮಗು ಅರಿತುಕೊಳ್ಳುತ್ತದೆ.

ಆ ಮೇಲೆ ನೆಂಟರ ಸಾಲು. ಚಳಿಗೆ ಕಂಗೆಟ್ಟು, ಮೂಮಿನರ ಮನೆಯ ನೆಲಮಾಳಿಗೆಯಲ್ಲಿ ಹಣ್ಣಿನ ಪಾಕದ ಭರಣಿಗಳಿವೆಯೆಂಬ ಸುದ್ದಿ ಕೇಳಿ, ಚಿಕ್ಕ ಚಿಕ್ಕ ಪ್ರಾಣಿಗಳು ಬಂದು ತುಂಬಿಕೊಳ್ಳುತ್ತವೆ. ಮಲಗಿರುವ ತಾಯಿಯ ಪರವಾಗಿ ಮನೆಯ ಯಜಮಾನಿಕೆ ಹುಡುಗನ ತಲೆಯ ಮೇಲೆ ಬೀಳುತ್ತದೆ. ಅವರಲ್ಲಿ ಹೆಮ್ಯುಲೆನ್ ಎಂಬ ಒಬ್ಬ ಭಾರಿ ಉತ್ಸಾಹಿ. ಹಿತ್ತಾಳೆಯ ಕೊಂಬನ್ನು ಊದುತ್ತಾನೆ, ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾನೆ, ತಣ್ಣೀರಿನ ಸ್ನಾನದ ಗುಣಗಳನ್ನು ಎಲ್ಲರಿಗೂ ಬೋಧಿಸುತ್ತಾನೆ. ಒಳ್ಳೆಯವನು, ಆದರೆ ಸಹಿಸಲಸಾಧ್ಯ. ಉಪಾಯದಿಂದ ಅವನನ್ನು ದೂರದ ಬೆಟ್ಟಗಳಿಗೆ ಕಳುಹಿಸಿಬಿಡಲು ಮೂಮಿನನು ಯತ್ನಿಸಿ, ಕಡೆಗೆ ಅವನ ಮುಗ್ಧತೆಗೆ ಮನಕರಗಿ, ಆ ಬೆಟ್ಟಗಳು ಅಪಾಯವೆಂದು ತಾನೇ ತಡೆಯುತ್ತಾನೆ. ಅತಿಥಿಗಳ ಕಾಟವನ್ನೂ ಅತಿಥಿಗಳಿಗೆ ನೋವಾಗಬಾರದೆಂಬ ಸಂಕೋಚವನ್ನೂ ಬಲ್ಲ ನಮ್ಮ ಗೃಹಸ್ಥರಿಗೆ ಈ ಭಾಗದಲ್ಲಿ ಮಕ್ಕಳಿಗಿಂತ ಹೆಚ್ಚಿನ ರುಚಿ ದೊರೆಯಬಹುದು.

ಚಳಿಗಾಲವನ್ನು ಕುರಿತ ಬೇರೆ ಪ್ರಸಿದ್ಧ ಕಥೆಗಳೊಡನೆ ಇದನ್ನು ಹೋಲಿಸಿದರೆ ಒಂದು ವಿಶೇಷ ಕಾಣಬರುತ್ತದೆ. ಡೆನ್ಮಾರ್ಕಿನ ಆಂಡರ್ಸನ್ 1844ರಲ್ಲಿ ಪ್ರಕಟಿಸಿದ ‘ಹಿಮದ ರಾಣಿ’ಯ ಕಥೆಯಲ್ಲಿ ಬಾಲಕನ ಹೃದಯಕ್ಕೆ ಸೇರಿದ ಚೂರು ಬಾಲಿಕೆಯ ಕಣ್ಣೀರಿನಿಂದ ಕರಗಬೇಕು. ಸಿ. ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ ನಾರ್ನಿಯಾ ಕಥೆಯಲ್ಲಿ ಮುಗಿಯದ ಚಳಿಗಾಲವು ಮಾಟಗಾತಿಯ ಕೃತ್ಯ. ಅವಳ ಬಲ ಮುರಿದಾಗ ವಸಂತ. ಎರಡರಲ್ಲಿಯೂ ಶೀತವೆಂಬುದು ಜಯಿಸತಕ್ಕ ಶತ್ರು. ಯಾನ್ಸನ್ನಳ ಪುಸ್ತಕದಲ್ಲಿ ಚಳಿಗಾಲ ಯಾರ ಅಪರಾಧವೂ ಅಲ್ಲ. ಬೇಸಗೆಯಲ್ಲಿ ಎಡೆ ಸಿಕ್ಕದ ನಾಚಿಕೆಯ ಪ್ರಾಣಿಗಳು, ರಾತ್ರಿಯಲ್ಲಿ ಸಂಚರಿಸುವವು, ಯಾರ ಗುಂಪಿಗೂ ಸೇರದವು, ಎಲ್ಲ ನಿಶ್ಶಬ್ದವಾದ ಮೇಲೆ ಹೊರಬರುವ ಕಾಲ ಅದು. ಹೇಗೆ ಮೂಮಿನನಿಗೆ ಬೇಸಗೆ ತನ್ನದೋ ಹಾಗೆ ಅವುಗಳಿಗೆ ಚಳಿಗಾಲ ತಮ್ಮದು. ಈ ಪುಸ್ತಕದ ಚಿತ್ರಗಳಲ್ಲಿ ಕೆಲವನ್ನು ಲೇಖಕಿ ಕಪ್ಪು ನೆಲದ ಮೇಲೆ ಬಿಳಿಯ ಗೆರೆ ಮೂಡುವಂತೆ ಬರೆದಿದ್ದಾಳೆ. ಕತ್ತಲೆಯೇ ಹಾಳೆ, ಬೆಳಕೇ ಶಾಯಿ.

ಹುಡುಗನು ಇದನ್ನು ಕಲಿಯುವುದು ಒಂದು ಹಿಮದ ಬಿರುಗಾಳಿಯಲ್ಲಿ. ಮೊದಲು ಗಾಳಿಯೊಡನೆ ಗುದ್ದಾಡಿ ಸಿಟ್ಟಾಗುತ್ತಾನೆ. ದಣಿದು ಬೆನ್ನು ತಿರುಗಿಸಿದೊಡನೆ ಗಾಳಿ ಅವನನ್ನು ಹೊತ್ತುಕೊಂಡು ಹೋಗುತ್ತದೆ. ಹೆದರಿಕೆ ಬಿಟ್ಟುಹೋಗಿ ಅದು ಆಟವಾಗುತ್ತದೆ.

ಕೊನೆಗೆ ಮಂಜುಗಡ್ಡೆ ಒಡೆಯುತ್ತದೆ. ಮೂಮಿನನು ನೀರಿಗೆ ಬಿದ್ದು, ನೆಗಡಿಯಾಗಿ, ಒಂದು ಸೀನು ಸೀನುತ್ತಾನೆ. ಹೆಮ್ಯುಲೆನನ ಕೊಂಬಿಗೂ ಏಳದಿದ್ದ ತಾಯಿ ಆ ಸೀನಿಗೆ ಎದ್ದು ಕೂಡುತ್ತಾಳೆ! ಇದನ್ನು ಓದುವಾಗ ಕೇಳುವ ಮಗುವಿನ ಮುಖವನ್ನು ನೋಡತಕ್ಕದ್ದು. ಎದ್ದವಳು ಮೊದಲು ಮಗನ ನೆಗಡಿಗೆ ಉಪಚಾರಕ್ಕೆ ತೊಡಗುತ್ತಾಳೆ. ಮನೆ ಅಸ್ತವ್ಯಸ್ತವಾಗಿದೆ, ಭರಣಿಗಳು ಬರಿದಾಗಿವೆ. ಅತಿಥಿಗಳ ವೃತ್ತಾಂತವನ್ನು ಕೇಳಿ ಅವಳು ಗದರುವುದಿಲ್ಲ. ಮಗನು ಮನೆಯನ್ನು ತನ್ನಂತೆಯೇ ನಡೆಸಿದನೆಂದು ಅವಳಿಗೆ ಸಂತೋಷ.

ಇನ್ನೊಂದು ಸಣ್ಣ ಸಂಗತಿಯಿದೆ. ಹಿಮ ಕರಗಿದ ನೆಲದಲ್ಲಿ ಕ್ರೋಕಸ್ ಎಂಬ ಹೂವಿನ ಮೊಳಕೆಯೊಂದು ತಲೆಯೆತ್ತಿರುತ್ತದೆ. ಇದು ನಮ್ಮ ಕೇಸರಿಯ ಜಾತಿಗೇ ಸೇರಿದ ಗಿಡ. ರಾತ್ರಿಯ ಚಳಿ ತಾಗದಂತೆ ಅದರ ಮೇಲೆ ಗಾಜಿನ ಮುಚ್ಚಳ ಹಾಕೋಣವೆಂದು ಮೂಮಿನನ ಗೆಳತಿ ಹೇಳುತ್ತಾಳೆ. ಅವನು ಬೇಡವೆನ್ನುತ್ತಾನೆ, ಸ್ವಲ್ಪ ಕಷ್ಟವನ್ನು ಕಂಡರೇ ಅದು ಚೆನ್ನಾಗಿ ಬೆಳೆಯುವುದೆಂದು ಅವನ ಅಭಿಪ್ರಾಯ. ಚಳಿಗಾಲದ ಆದಿಯಲ್ಲಿ ತಾಯಿಯ ಮಂಚದ ಬಳಿ ಮುದುರಿಕೊಂಡಿದ್ದ ಹುಡುಗ ಆಡುವ ಮಾತು ಇದು. ನಾವು ಹೂವಿಗೆ ಹಾಕದ ಮುಚ್ಚಳವನ್ನು ಎಷ್ಟೋ ವೇಳೆ ಮಕ್ಕಳಿಗೆ ಹಾಕುತ್ತೇವೆ.

ತನ್ನ ವಂಶದಲ್ಲಿ ಇಡೀ ವರ್ಷವನ್ನು ಕಂಡವರಲ್ಲಿ ತಾನೇ ಮೊದಲನೆಯವನೆಂದು ಮೂಮಿನನಿಗೆ ಹೆಮ್ಮೆ. ಆ ಹೆಮ್ಮೆ ನಮಗೆ ಒಂದು ಹಳೆಯ ಮಾತನ್ನು ನೆನಪಿಗೆ ತರುತ್ತದೆ. ವೇದದ ಪ್ರಾರ್ಥನೆಗಳಲ್ಲಿ ನೂರು ವರ್ಷ ಬಾಳುವಂತಾಗಲೆಂದು ಬೇಡುವಾಗ ಕೆಲವೆಡೆ ಶರತ್ತುಗಳನ್ನೂ ಕೆಲವೆಡೆ ಹಿಮಗಳನ್ನೂ ಎಣಿಸಿದ್ದಾರೆ. ನೂರು ಹಿಮಗಳೆಂದರೆ ನೂರು ಚಳಿಗಾಲಗಳು. ಈ ಹಿಮ ಶಬ್ದಕ್ಕೂ ಚಳಿಗಾಲಕ್ಕೆ ಲ್ಯಾಟಿನಿನಲ್ಲಿರುವ ಹೀಮ್ಸ್ ಎಂಬ ಶಬ್ದಕ್ಕೂ ಮೂಲ ಒಂದೇ. ಚಳಿಗಾಲವನ್ನು ದಾಟಿದವನು ವರ್ಷವನ್ನು ದಾಟಿದವನೆಂದು ಆ ಪೂರ್ವಿಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಸುಖದ ಋತುಗಳಲ್ಲಿ ಮಾತ್ರ ಎಚ್ಚರವಾಗಿದ್ದವನ ವರ್ಷ ಪೂರ್ತಿಯಾದದ್ದಲ್ಲ.

ಈಗ ನಮ್ಮ ವಾಚಕಿಗೆ ಉತ್ತರ. ತಾಯಿ, ನೀವು ಕನಿಕರದಿಂದ ಮಾಡಿದಿರಿ. ಅದನ್ನು ಸರಿಪಡಿಸುವುದು ಕಷ್ಟವಲ್ಲ. ಮಗನನ್ನು ಹತ್ತಿರ ಕೂಡಿಸಿಕೊಂಡು ಆ ಪುಟಕ್ಕೆ ಹಿಂತಿರುಗಿರಿ. ಅಳಿಲು ಮಲಗಲಿಲ್ಲ, ಸತ್ತಿತು ಎಂದು ಹೇಳಿ, ಮುಂದಿನ ಮಾತಿಗೆ ಅವಸರಪಡದೆ ಸ್ವಲ್ಪ ಹೊತ್ತು ಸುಮ್ಮನಿರಿ. ಅವನು ಪ್ರಶ್ನೆ ಕೇಳಿದರೆ ನಿಮಗೆ ತಿಳಿದಷ್ಟನ್ನು ಹೇಳಿರಿ, ತಿಳಿಯದ್ದನ್ನು ತಿಳಿಯದೆನ್ನಿರಿ. ಅತ್ತರೆ ಅಳಲಿ, ಲೇಖಕಿಯ ಟಿಪ್ಪಣಿಯಂತೆ ವಸಂತದ ಪುಟವನ್ನು ತೋರಿಸಿರಿ. ಬಳಿಕ ಮೂಮಿನನ ತಾಯಿ ನಿದ್ರೆಯಲ್ಲಿಯೇ ಮಾತನಾಡುವ ಭಾಗವನ್ನು ಆ ರಾತ್ರಿಯೇ ತಪ್ಪದೆ ಓದಿರಿ. ಅದನ್ನು ಮಾರನೆಯ ದಿನಕ್ಕೆ ಉಳಿಸಬೇಡಿರಿ. ದೀಪವಾರಿಸಿದ ಮೇಲೆ ಅವನು, ಅಮ್ಮಾ, ಎದ್ದಿದ್ದೀಯಾ ಎಂದು ಕೂಗಬಹುದು. ಎಷ್ಟೇ ನಿದ್ರೆ ಬಂದಿದ್ದರೂ ಓಗೊಡಿರಿ.